ವಿಷಯ: ಇಂಜಿನ್ ಜೊತೆ ಕೂಗುವ ಸ್ಪೀಕರ್ ಮತ್ತು ನಿಮ್ಮ ಕೌಂಟರಿನ ಮರ್ಯಾದೆ

ವ್ಯವಸ್ಥಾಪಕರಿಗೆ,
ಕಾರ್ ಆಡಿಯೋ ಮಳಿಗೆ, ಕುಶಾಲನಗರ

ಸ್ವಾಮಿ,

ಫೋನಿನಲ್ಲಿ ಸಮಾಧಾನವಾಗಿಯೇ ಹೇಳಿ ನೋಡಿದೆ. ‘ಹುಡುಗನನ್ನು ಕಳಿಸ್ತೀವಿ’ ಅಂದಿರಿ. ಹುಡುಗ ಇನ್ನೂ ಸುಂಟಿಕೊಪ್ಪವನ್ನೇ ದಾಟಿಲ್ಲ ಅಂತ ಕಾಣುತ್ತದೆ. ಅದಕ್ಕೇ ಈ ಪತ್ರ.

ನಿಮ್ಮಲ್ಲಿ ಕೊಂಡು, ನಿಮ್ಮವರೇ ಕೂರಿಸಿದ ಆಂಪ್ಲಿಫೈಯರ್ ಇದು. ಇಂಜಿನ್ ಸ್ಟಾರ್ಟ್ ಆದ ಕೂಡಲೇ ಸ್ಪೀಕರಿನಲ್ಲಿ ಕುಂಯ್ ಅಂತ ಶುರು. ಆಕ್ಸಲರೇಟರ್ ಒತ್ತಿದಷ್ಟೂ ಸ್ವರ ಏರುತ್ತದೆ. ಸಂಪಾಜೆ ಘಾಟಿ ಹತ್ತುವಾಗ ಎರಡನೇ ಗೇರಿಗೆ ಇಳಿಸಿದರೆ ಮಡಿಕೇರಿ ಆಕಾಶವಾಣಿಯ ವಾರ್ತೆ ಕೇಳುವುದೇ ಇಲ್ಲ. ವಾಲ್ಯೂಮ್ ಸೊನ್ನೆಗೆ ತಂದರೂ ಶಬ್ದ ಹಾಗೇ ಇರುತ್ತದೆ. ಇಂಜಿನ್ ಆಫ್ ಮಾಡಿ ಸ್ಟೀರಿಯೋ ಮಾತ್ರ ಹಾಕಿದರೆ ಏನೂ ಇಲ್ಲ.

ಇಷ್ಟನ್ನೂ ನಿಮ್ಮ ಟೆಕ್ನಿಷಿಯನ್‌ಗೆ ಹೇಳಿದೆ. ಅವರು ಫೋನಿನಿಂದ ತಲೆ ಎತ್ತಲಿಲ್ಲ. ‘ಡೀಸೆಲ್ ಗಾಡಿ ಮೇಡಂ, ಸೌಂಡ್ ಬರುತ್ತೆ.’ ಬಾನೆಟ್ಟಿನಿಂದಲ್ಲ, ಸ್ಪೀಕರಿನಿಂದ ಬರುತ್ತಿದೆ ಎಂದೆ. ‘ಮಳೆಗಾಲ ಅಲ್ವಾ, ತೇವ.’ ಬೇಸಿಗೆಯಲ್ಲೂ ಇತ್ತು ಎಂದೆ. ಆಗ ಎದ್ದು ಬಂದು, ಇಂಜಿನ್ ಸ್ಟಾರ್ಟ್ ಮಾಡದೆ ಹಾಡು ಹಾಕಿದರು. ಬೇಸ್ ಏರಿಸಿದರು. ‘ಎಲ್ಲಿದೆ ಸೌಂಡು?’ ಇಂಜಿನ್ ಸ್ಟಾರ್ಟ್ ಮಾಡಿ ಎಂದು ನಾನೇ ಕೀ ತಿರುಗಿಸಿದೆ. ಕೇಳಿಸಿತು. ಒಂದು ಕ್ಷಣ ಸುಮ್ಮನಿದ್ದು, ‘ಆಲ್ಟರ್ನೇಟರ್ ಹೋಗಿದೆ, ಬದಲಾಯಿಸಿ. ಇಲ್ಲಾಂದ್ರೆ ಫಿಲ್ಟರ್ ಹಾಕ್ತೀನಿ, ಅದಕ್ಕೆ ಬೇರೆ ಚಾರ್ಜ್’ ಅಂದರು. ಕೊನೆಗೆ, ಟೀ ಕುಡಿಯುತ್ತಿದ್ದ ಗಿರಾಕಿಗಳಿಗೆಲ್ಲ ಕೇಳುವ ಹಾಗೆ: ‘ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳ್ಸಿ, ಅವರಿಗೆ ಅರ್ಥ ಮಾಡಿಸ್ತೀನಿ.’ ಗಿರಾಕಿಗಳು ನಕ್ಕರು. ನೀವು ಕ್ಯಾಶ್ ಕೌಂಟರಿನಲ್ಲಿದ್ದಿರಿ, ನೀವೂ ನಕ್ಕಿರಿ. ನಮ್ಮ ಮನೆಯಲ್ಲಿ ಡ್ರೈವಿಂಗ್ ಲೈಸೆನ್ಸ್ ಇರುವುದು ನನಗೊಬ್ಬಳಿಗೇ, ತಿಳಿದಿರಲಿ.

ಆಮೇಲೆ ಊರಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಮೊದಲು ಬ್ಯಾಟರಿಗೆ ಮೀಟರ್ ಹಿಡಿದರು. ಇಂಜಿನ್ ಓಡುವಾಗ 14.2 ವೋಲ್ಟ್, ಸರಿಯಾಗಿಯೇ ಇತ್ತು. ಮೀಟರನ್ನು ಎಸಿ ವೋಲ್ಟೇಜಿಗೆ ಹಾಕಿ ನೋಡಿದಾಗಲೂ ಆಲ್ಟರ್ನೇಟರಿನಲ್ಲಿ ದೋಷ ಕಾಣಲಿಲ್ಲ. ಆಂಪ್ಲಿಫೈಯರಿನಿಂದ ಆರ್‌ಸಿಎ ಕೇಬಲ್ (ಸ್ಟೀರಿಯೋದಿಂದ ಹಾಡಿನ ಸಿಗ್ನಲ್ ತರುವ ವೈರು) ಕಿತ್ತರು. ಶಬ್ದ ನಿಂತಿತು. ಅಂದರೆ ಸ್ಪೀಕರೂ ಸರಿ, ಆಂಪೂ ಸರಿ. ಸೀಟಿನ ಕೆಳಗೆ ನೋಡಿದರೆ ನಿಮ್ಮವರು ಅರ್ಥ್ ವೈರನ್ನು ಪೇಂಟಿನ ಮೇಲೆಯೇ ಬೋಲ್ಟ್ ಹಾಕಿ ಬಿಗಿದಿದ್ದಾರೆ! ಬಣ್ಣ ಕೆರೆದು ಬರಿ ಲೋಹಕ್ಕೆ ಕೂರಿಸಬೇಕು ಅಂತ ನಿಮಗೆ ನಾನು ಹೇಳಿಕೊಡಬೇಕೇ? ಸಾಲದ್ದಕ್ಕೆ ಆರ್‌ಸಿಎ ಕೇಬಲ್ಲನ್ನು ಬ್ಯಾಟರಿ ವೈರಿನ ಜೊತೆಗೇ ಟೇಪ್ ಸುತ್ತಿ ಎಳೆದಿದ್ದಾರೆ. ಎಲೆಕ್ಟ್ರಿಷಿಯನ್ ಕೇಬಲ್ ಮತ್ತೆ ಸಿಕ್ಕಿಸಿ, ಬೇರೊಂದು ವೈರಿನಿಂದ ಚಾಸಿಗೆ ಅರ್ಥ್ ಕೊಟ್ಟಾಗ ಶಬ್ದ ಪೂರ್ತಿ ಹೋಯಿತು. ಇದೆಲ್ಲದರ ವಿಡಿಯೋ ನನ್ನ ಹತ್ತಿರ ಇದೆ.

ಫಿಟ್ಟಿಂಗ್ ಕೆಲಸಕ್ಕೂ ಒಂದು ವರ್ಷ ವಾರಂಟಿ ಅಂತ ನಿಮ್ಮ ಬಿಲ್ಲಿನ ಹಿಂದೆಯೇ ಅಚ್ಚಾಗಿದೆ. ಓದಿ ನೋಡಿ, ಅಕ್ಷರ ಸಣ್ಣದು.

ಒಂದು ವಾರ ಟೈಮು. ವೈರಿಂಗ್ ಬಿಚ್ಚಿ ಸರಿ ಮಾಡಿಕೊಡಿ, ಇಲ್ಲವೇ ಫಿಟ್ಟಿಂಗ್ ಹಣ ವಾಪಸ್ ಕೊಡಿ. ಆ ಟೆಕ್ನಿಷಿಯನ್ ಮಾತ್ರ ನನ್ನ ಗಾಡಿ ಮುಟ್ಟಕೂಡದು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ಶುಲ್ಕವೂ ಇಲ್ಲ. ಅಷ್ಟಕ್ಕೇ ಬಿಡುವವಳಲ್ಲ. ಸಂತೆ ದಿನ ನಿಮ್ಮ ಬಾಗಿಲ ಮುಂದೆಯೇ ಗಾಡಿ ನಿಲ್ಲಿಸಿ, ನಾಲ್ಕೂ ಡೋರ್ ತೆಗೆದು, ಆಕ್ಸಲರೇಟರ್ ಒತ್ತುತ್ತೇನೆ. ನಿಮ್ಮ ಫಿಟ್ಟಿಂಗ್ ಹೇಗಿದೆ ಅಂತ ಜನರೇ ಕೇಳಿಸಿಕೊಳ್ಳಲಿ.

ಇಂತಿ,
ನಿಮ್ಮ ಗಿರಾಕಿ (ಸದ್ಯಕ್ಕೆ)