ತಂದೆ ತಾಯಿಗೂ ಸ್ವಂತ ಮನೆ ಇರದವರಿಗೆ ಮಾತ್ರ: ಮುಂಗಡ ನೆರವಿನ ಬದಲಾವಣೆ ಬಗ್ಗೆ ಸದಸ್ಯರಿಗೆ ಪತ್ರ

ಆತ್ಮೀಯ ಸದಸ್ಯರೇ,

ನಮಸ್ಕಾರ. ಮನೆ ಕೊಳ್ಳುವವರಿಗೆ ನಮ್ಮ ಪತ್ತಿನ ಸಹಕಾರ ಸಂಘ ಕೊಡುತ್ತಿರುವ ಮುಂಗಡ ನೆರವಿನ ನಿಯಮ ಬರುವ ಯುಗಾದಿಯಿಂದ ಬದಲಾಗುತ್ತಿದೆ. ಇಲ್ಲಿಯವರೆಗೆ ಮೊದಲ ಮನೆ ಕೊಳ್ಳುವ ಯಾವುದೇ ಸದಸ್ಯರಿಗೆ 1 ಲಕ್ಷ ರೂಪಾಯಿಯನ್ನು ಬಡ್ಡಿ ಇಲ್ಲದೆ ಕೊಡುತ್ತಿದ್ದೆವು. ಯಾರ ಕಾಗದ ಮೊದಲು ಪೂರ್ತಿಯಾಯಿತೋ ಅವರಿಗೆ ಮೊದಲು. ಇನ್ನು ಮುಂದೆ ನೆರವು 2 ಲಕ್ಷ ರೂಪಾಯಿ. ಆದರೆ ತಮ್ಮ ಹೆಸರಲ್ಲೂ ಹೆತ್ತವರ ಹೆಸರಲ್ಲೂ ಎಂದೂ ಮನೆ ಇರದವರಿಗೆ ಮಾತ್ರ.

ಇದರಿಂದ ನಿಮ್ಮಲ್ಲಿ ಕೆಲವರಿಗೆ ನೆರವು ತಪ್ಪುತ್ತದೆ. ಅವರಿಗೆ ಕಾರಣ ಹೇಳದೆ ಸುಮ್ನೆ ಒಂದು ನೋಟೀಸು ಅಂಟಿಸುವುದು ನಮಗೆ ಸರಿ ಕಾಣಲಿಲ್ಲ. ಅದಕ್ಕೇ ಈ ಪತ್ರ.

ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಹಾಕುವ ಒಬ್ಬ ಅಕ್ಕ ನಮ್ಮ ಸದಸ್ಯರು. ಹುಟ್ಟಿದ್ದು ಬಾಡಿಗೆ ಮನೆಯಲ್ಲಿ, ಮದುವೆಯಾಗಿ ಬಂದದ್ದೂ ಬಾಡಿಗೆ ಮನೆಗೆ. ಎರಡು ಕೋಣೆಯ ಒಂದು ಹಳೆ ಮನೆ ನೋಡಿ, ಬೇರೆಯವರ ಪಾಲಾದೀತು ಎಂಬ ಭಯಕ್ಕೆ 50,000 ರೂಪಾಯಿ ಸಂಚಕಾರ, ಅಂದರೆ ಖರೀದಿಯ ಮುಂಗಡ, ಕೊಟ್ಟುಬಿಟ್ಟರು. ಆಮೇಲೆ ನಮ್ಮ ಕಚೇರಿಗೆ ಬಂದರು. ಸೀರೆ ಸೆರಗಿನ ಗಂಟು ಬಿಚ್ಚಿ ಒಂದು ಕಾಗದ ತೆಗೆದರು. ನೋಟ್‌ಬುಕ್ಕಿನ ಹಾಳೆ, ಅದರ ಮೇಲೆ ನೀಲಿ ಪೆನ್ನಿನಲ್ಲಿ ನಾಲ್ಕು ಸಾಲು, ಕೆಳಗೆ ಒಂದು ಸಹಿ. ಸಾಕ್ಷಿ ಸಹಿ ಇಲ್ಲ, ಮನೆಯ ಅಳತೆ ಇಲ್ಲ, ಎಷ್ಟು ದಿನದೊಳಗೆ ಖರೀದಿ ಎಂದೂ ಇಲ್ಲ. ಉತಾರ (ಆಸ್ತಿ ಯಾರ ಹೆಸರಲ್ಲಿದೆ ಎಂದು ತೋರಿಸುವ ದಾಖಲೆ) ತೆಗೆಸಿ ನೋಡಿದರೆ ಮನೆ ಇನ್ನೂ ಮಾರುವವರ ತೀರಿಕೊಂಡ ತಂದೆಯ ಹೆಸರಲ್ಲೇ ಇತ್ತು. ಅಣ್ಣತಮ್ಮಂದಿರು ನಾಲ್ವರು. ಬ್ಯಾಂಕು ಸಾಲ ಕೊಡುವುದಿಲ್ಲ ಎಂದಿತು. ಆ ಕಡೆಯ ವಾರಸಾ ಕಾಗದ ಸರಿಯಾಗಿ, ಈ ಅಕ್ಕನ ಅರ್ಜಿ ಪೂರ್ತಿಯಾಗುವ ಹೊತ್ತಿಗೆ ಆ ವರ್ಷಕ್ಕೆ ನಾವು ಎತ್ತಿಟ್ಟಿದ್ದ ದುಡ್ಡು ಮುಗಿದಿತ್ತು.

ಆ ದಿನ ಅವರು ಹೇಳಿದ ಮಾತು ನಮ್ಮ ಕಚೇರಿಯಲ್ಲಿ ಯಾರಿಗೂ ಮರೆತಿಲ್ಲ. "ನಮ್ಮಪ್ಪಗ ಒಂದು ಮನಿ ಇದ್ದಿದ್ರ ಇದೆಲ್ಲಾ ನನಗ ಮೊದ್ಲ ಗೊತ್ತಿರ್ತಿತ್ತರೀ ಸರ್."

ಅವರು ಹೋದ ಮೇಲೆ ಹಳೆಯ ಅರ್ಜಿಗಳ ರಿಜಿಸ್ಟರ್ ತೆಗೆದು ಕೂತೆವು. ಮೊದಲ ತಿಂಗಳಲ್ಲೇ ಎಲ್ಲ ಕಾಗದ ಜೋಡಿಸಿ ತಂದವರು ಯಾರು ಎಂದು ನೋಡಿದರೆ, ಬಹುತೇಕ ಎಲ್ಲರ ಹೆತ್ತವರಿಗೂ ಒಂದು ಮನೆ ಇತ್ತು. ಅವರ ತಪ್ಪೇನೂ ಇಲ್ಲ. ಮನೆ ಇರುವ ಅಪ್ಪ ಮಗನಿಗೆ ಬರೀ ದುಡ್ಡು ಕೊಡುವುದಿಲ್ಲ. ಆಸ್ತಿಯ ಮೇಲೆ ಸಾಲ ಇದೆಯೇ ಎಂದು ತೋರಿಸುವ ಋಣಭಾರ ಪತ್ರ (ಇ.ಸಿ.) ಅಂದರೇನು, ಒಳ್ಳೆಯ ವಕೀಲರು ಯಾರು, ಸಂಚಕಾರ ಎಷ್ಟು ಕೊಡಬೇಕು ಎಂಬುದನ್ನೂ ಕೊಡುತ್ತಾನೆ. ಬ್ಯಾಂಕು ತಡ ಮಾಡಿದರೆ ತನ್ನ ಮನೆಯ ಮೇಲೆ ಸಾಲ ತೆಗೆದು ಕೊಡುತ್ತಾನೆ. ಸರದಿ ಎಲ್ಲರಿಗೂ ಒಂದೇ ಎಂದು ನಾವು ಅಂದುಕೊಂಡಿದ್ದೆವು. ಆದರೆ ದಾರಿ ಗೊತ್ತಿದ್ದವರೇ ಯಾವಾಗಲೂ ಮುಂದೆ ನಿಲ್ಲುತ್ತಿದ್ದರು.

ಇನ್ನು ಮೊತ್ತದ ಮಾತು. 25 ಲಕ್ಷದ ಮನೆ ಎಂದುಕೊಳ್ಳಿ. 30 ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕುಗಳು ಮನೆ ಬೆಲೆಯ ಶೇ. 90ರವರೆಗೆ ಕೊಡಬಹುದು ಎಂದು ರಿಸರ್ವ್ ಬ್ಯಾಂಕ್ ನಿಯಮ ಇದೆ. ಉಳಿದ ಎರಡೂವರೆ ಲಕ್ಷ ಕೈಯಿಂದ ಹಾಕಬೇಕು. ಅಷ್ಟೇ ಎಂದುಕೊಂಡು ಹೊರಟವರೇ ಜಾಸ್ತಿ. ಮುದ್ರಾಂಕ ಶುಲ್ಕ ಶೇ. 5 ಅಂದರೆ 1.25 ಲಕ್ಷ. (ಕಡಿಮೆ ಬೆಲೆಯ ಹೊಸ ಫ್ಲ್ಯಾಟಿನ ಮೊದಲ ಮಾರಾಟಕ್ಕೆ ಇದು ಕಡಿಮೆ ಇದೆ.) ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1ರ ಬದಲು 2 ಆಗಿದೆ, ಅದು 50,000. ಸೆಸ್ಸು, ಸರ್‌ಚಾರ್ಜು, ವಕೀಲರ ಫೀಜು ಬೇರೆ. ಈ ಶುಲ್ಕಗಳನ್ನು ಬ್ಯಾಂಕು ಮನೆ ಬೆಲೆಯೊಳಗೆ ಸೇರಿಸುವುದಿಲ್ಲ. ಎಲ್ಲ ಕೂಡಿ ನಾಲ್ಕೂಕಾಲು ಲಕ್ಷ ದಾಟುತ್ತದೆ. ಇದರಲ್ಲಿ ನಮ್ಮ 1 ಲಕ್ಷ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಉಳಿದದ್ದಕ್ಕೆ ಜನ ಕೈಗಡ ಮಾಡುತ್ತಿದ್ದರು, ಬಂಗಾರ ಅಡವಿಡುತ್ತಿದ್ದರು.

ಪ್ರಧಾನಮಂತ್ರಿ ಆವಾಸ್ ಯೋಜನೆ ಇದೆಯಲ್ಲ ಎಂದು ಕೆಲವರು ಕೇಳಿದ್ದಾರೆ. ಇದೆ, ಖಂಡಿತ ಅರ್ಜಿ ಹಾಕಿ. ನಗರದ ಎರಡನೇ ಹಂತದ ಯೋಜನೆಯಲ್ಲಿ ವರ್ಷಕ್ಕೆ 9 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಬಡ್ಡಿ ಸಹಾಯಧನ 1.80 ಲಕ್ಷದವರೆಗೆ ಸಿಗುತ್ತದೆ. ಮನೆ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಆದರೆ ಆ ದುಡ್ಡು ಐದು ವಾರ್ಷಿಕ ಕಂತುಗಳಲ್ಲಿ ನಿಮ್ಮ ಸಾಲದ ಖಾತೆಗೆ ಬರುತ್ತದೆ. ಖರೀದಿ ಪತ್ರದ ದಿನ ಕೈಯಲ್ಲಿ ಇರುವುದಿಲ್ಲ. ನಮ್ಮ ನೆರವು ಇರುವುದು ಆ ಒಂದು ದಿನಕ್ಕಾಗಿ.

ಹೊಸ ಲೆಕ್ಕ ಹೀಗೆ. 2 ಲಕ್ಷಕ್ಕೆ ಬಡ್ಡಿ ಇಲ್ಲ. ಮೊದಲ ಎರಡು ವರ್ಷ ಕಂತೂ ಇಲ್ಲ, ಯಾಕೆಂದರೆ ಹೊಸ ಮನೆಗೆ ಹೋದವರಿಗೆ ಬ್ಯಾಂಕಿನ ಕಂತು ಕಟ್ಟುವುದೇ ಮೊದಮೊದಲು ಕಷ್ಟ. ಆಮೇಲೆ 50 ತಿಂಗಳು, ತಿಂಗಳಿಗೆ 4,000 ರೂಪಾಯಿ. ಮನೆ ಮಾರಿದರೆ ಉಳಿದದ್ದನ್ನು ಒಂದೇ ಸಲ ಕಟ್ಟಬೇಕು. ದುಡ್ಡು ನೋಂದಣಿ ದಿನ ಡಿ.ಡಿ. ಮೂಲಕ ಮಾರುವವರ ಹೆಸರಿಗೇ ಹೋಗುತ್ತದೆ. ಇದು ಸಾಲವೇ ಆದ್ದರಿಂದ ಬ್ಯಾಂಕಿಗೆ ಮುಚ್ಚಿಡಬೇಡಿ, ಅರ್ಜಿಯಲ್ಲೇ ತೋರಿಸಿ. ಪತ್ರದಲ್ಲಿ ಬೆಲೆ ಕಡಿಮೆ ಬರೆಸಿ ಉಳಿದದ್ದನ್ನು ನಗದು ಕೊಡಿ ಎನ್ನುವವರ ವ್ಯವಹಾರಕ್ಕೆ ನಾವು ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಪತ್ರದಲ್ಲಿ ಬೆಲೆ ಇಳಿದರೆ ಬ್ಯಾಂಕಿನ ಸಾಲವೂ ಇಳಿಯುತ್ತದೆ, ನಿಮ್ಮ ಕೈಯಿಂದ ಹಾಕುವ ದುಡ್ಡು ಏರುತ್ತದೆ.

ಆಡಳಿತ ಮಂಡಳಿಯಲ್ಲಿ ತುಂಬ ಹೊತ್ತು ಮಾತು ನಡೆದದ್ದು 'ಹೆತ್ತವರಿಗೆ ಮನೆ ಇಲ್ಲ' ಅಂದರೆ ಏನು ಎಂಬುದರ ಮೇಲೆ. ಹಳ್ಳಿಯಲ್ಲಿ ಮುತ್ತಜ್ಜ ಕಟ್ಟಿದ ಮಣ್ಣಿನ ಮನೆ, ಅದರಲ್ಲಿ ಎಂಟು ಪಾಲು, ಅಪ್ಪನ ಪಾಲಿಗೆ ಒಂದು ಪಡಸಾಲೆಯೂ ಪೂರ್ತಿ ಬರುವುದಿಲ್ಲ. ಅದನ್ನು ಮನೆ ಎಂದು ಲೆಕ್ಕ ಹಾಕಬೇಕೇ? ಬೇಡ ಎಂದು ತೀರ್ಮಾನಿಸಿದೆವು. ಅದನ್ನು ಅಡವಿಟ್ಟು ಯಾರೂ ಸಾಲ ತರಲಾರರು. ಆಶ್ರಯ ಯೋಜನೆಯಲ್ಲಿ ಹೆತ್ತವರಿಗೆ ಸಿಕ್ಕ ಮನೆಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಪ್ಪನ ಮನೆ ಸಾಲಕ್ಕೆ ಹರಾಜಾಗಿ ಹೋಗಿದ್ದರೆ? 'ಎಂದೂ ಇರದವರು' ಎಂಬ ಮಾತಿಗೆ ಅದು ಹೊಂದುವುದಿಲ್ಲ, ಆದರೂ ಅಂಥವರನ್ನು ಬಿಡಲು ನಮಗೆ ಮನಸ್ಸಾಗಲಿಲ್ಲ. ಅವರೂ ಅರ್ಜಿ ಹಾಕಬಹುದು. ಮದುವೆಯಾದವರಿಗೆ ಗಂಡ ಹೆಂಡತಿ ಇಬ್ಬರ ಕಡೆಯ ಹೆತ್ತವರನ್ನೂ ನೋಡುತ್ತೇವೆ.

ಸರ್ವಸದಸ್ಯರ ಸಭೆಯಲ್ಲಿ ಒಬ್ಬರು ಕೇಳಿದರು: ಎಲ್ಲರೂ ಶೇರು ಹಾಕಿದ್ದೇವೆ, ಎಲ್ಲರೂ ಸಮಾನ ಅಲ್ವಾ? ನ್ಯಾಯವಾದ ಪ್ರಶ್ನೆ. ಹಿರಿಯ ಸದಸ್ಯರೊಬ್ಬರು ಎದ್ದು ಗದಗ ಹತ್ತಿರದ ಕಣಗಿನಹಾಳದ ಮಾತು ತೆಗೆದರು. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಸಂಘ ಕಟ್ಟಿದ್ದು ಬೇರೆಲ್ಲೂ ಸಾಲ ಹುಟ್ಟದ ರೈತರಿಗಾಗಿ, ಎಲ್ಲೆಡೆ ಸಾಲ ಹುಟ್ಟುವವರಿಗಾಗಿ ಅಲ್ಲ ಎಂದರು. ಈ ವರ್ಷದ ಲಾಭಾಂಶದಲ್ಲಿ ಒಂದು ಭಾಗವನ್ನು ಇದಕ್ಕೆ ಬಿಟ್ಟುಕೊಡಲು ಸಭೆ ಒಪ್ಪಿತು. ಆ ಪ್ರಶ್ನೆ ಕೇಳಿದವರೂ ಕೈ ಎತ್ತಿದರು. ಅವರಿಗೆ ನಮ್ಮ ವಿಶೇಷ ವಂದನೆ.

ನೆರವು ತಪ್ಪುವವರಿಗೆ ನಮ್ಮ ಮಾಮೂಲಿ ಗೃಹಸಾಲ, ದುರಸ್ತಿ ಸಾಲ ಹಾಗೇ ಇರುತ್ತವೆ. ಯುಗಾದಿಗೆ ಮೊದಲು ಅರ್ಜಿ ಕೊಟ್ಟವರಿಗೆ ಹಳೆಯ ನಿಯಮವೇ ನಡೆಯುತ್ತದೆ, ಯಾರ ಅರ್ಜಿಯನ್ನೂ ವಾಪಸ್ ಕಳಿಸುವುದಿಲ್ಲ.

ಹೊಸದಾಗಿ ಬರುವವರಿಗೆ ಒಂದು ಕಳಕಳಿಯ ಮಾತು. ಸಂಚಕಾರ ಕೊಡುವ ಮೊದಲು ಬನ್ನಿ, ಕೊಟ್ಟ ಮೇಲಲ್ಲ. ಮಾರುವವರಿಂದ ಉತಾರದ ಝೆರಾಕ್ಸ್ ಒಂದು ತಂದರೆ ಸಾಕು. ಇ-ಖಾತಾ (ಕಂಪ್ಯೂಟರಿನಲ್ಲಿ ದಾಖಲಾದ ಆಸ್ತಿ ಖಾತೆ) ಆಗಿದೆಯೇ, ಋಣಭಾರ ಪತ್ರದಲ್ಲಿ ಹಳೆ ಸಾಲ ಇದೆಯೇ, ಎಲ್ಲ ವಾರಸುದಾರರ ಒಪ್ಪಿಗೆ ಇದೆಯೇ ಎಂದು ನಮ್ಮ ಸಿಬ್ಬಂದಿ ಕೂತು ನೋಡಿ ಹೇಳುತ್ತಾರೆ. ಇದಕ್ಕೆ ಫೀಜು ಇಲ್ಲ. ಈ ಕೆಲಸಕ್ಕೆಂದೇ ಪ್ರತಿ ಶನಿವಾರ ಬೆಳಿಗ್ಗೆಯ ಹೊತ್ತು ಮೀಸಲಿಟ್ಟಿದ್ದೇವೆ. ಓದು ಬರಹ ಬಾರದಿದ್ದರೆ ಸಂಕೋಚ ಬೇಡ, ಅರ್ಜಿ ನಾವೇ ತುಂಬಿಕೊಡುತ್ತೇವೆ. ಕಾಗದ ಸರಿಯಾಗಲು ತಡವಾದರೂ ನೀವು ಮೊದಲ ಸಲ ಬಂದ ದಿನವೇ ನಿಮ್ಮ ಸರದಿ ಹಿಡಿಯುತ್ತದೆ.

ರೊಟ್ಟಿ ಅಕ್ಕನ ಅರ್ಜಿ ಹೊಸ ರಿಜಿಸ್ಟರಿನ ಮೊದಲ ಪುಟದಲ್ಲಿದೆ.

ಇತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಆಡಳಿತ ಮಂಡಳಿಯ ಪರವಾಗಿ