ಎಡಗೈಯಲ್ಲಿ ಮಗಳು, ಬಲಗೈಯಲ್ಲಿ ಪೆನ್ಸಿಲ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜ್ ನೋಡಿದೆ. ಪಾಪು ಫೋಟೊ ಕೇಳಿದ್ದೀಯ, ಕಳಿಸುತ್ತೇನೆ. ಅದರ ಕೆಳಗೆ ಇನ್ನೊಂದು ಸಾಲು ಇತ್ತು: "ಇನ್ನೆರಡು ವರ್ಷ ಚಿತ್ರದ ಸುದ್ದಿ ಇರಲ್ಲ ಅಂದ್ಕೋತೀನಿ, ಬೇಜಾರ್ ಮಾಡ್ಕೋಬೇಡ." ಸಮಾಧಾನಕ್ಕೆ ಬರೆದಿದ್ದೀಯ, ಗೊತ್ತು. ಆದರೆ ಇಲ್ಲಿ ನಡೆಯುತ್ತಿರುವುದು ಅದಕ್ಕೆ ಪೂರ್ತಿ ಉಲ್ಟಾ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈಗಷ್ಟೇ ತಾಯಿಯಾದ, ಚಿತ್ರ ಬರೆಯುವ ಬೇರೆ ಯಾರಿಗಾದರೂ ಬೇಕಾದೀತು ಅಂತ ಎಲ್ಲರೂ ಓದುವ ಹಾಗೆ ಹಾಕಿದ್ದೇನೆ. ತಪ್ಪು ತಿಳಿಯಬೇಡ.

ಬಾಣಂತನಕ್ಕೆ ಸಾಗರಕ್ಕೆ ಬಂದಿದ್ದೇನೆ, ಅಮ್ಮನ ಮನೆಗೆ. ಇಲ್ಲಿ ಗಡಿಯಾರ ನಡೆಯುವುದೇ ಮಗಳ ಲೆಕ್ಕದಲ್ಲಿ. ಬೆಳಗ್ಗೆ ಅವಳಿಗೆ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ತೋರಿಸಿ ಮಲಗಿಸುತ್ತಾರೆ. ಆಮೇಲೆ ನನಗೂ ಅದೇ ಉಪಚಾರ. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಆಯಿಲ್ ಪೇಂಟ್ ಮುಟ್ಟುವ ಮಾತೇ ಇಲ್ಲ. ಟರ್ಪೆಂಟೈನ್ ವಾಸನೆ ಇರುವ ಕೋಣೆಯಲ್ಲಿ ಹಸುಗೂಸನ್ನು ಹೇಗೆ ಮಲಗಿಸುವುದು? ಕ್ಯಾನ್ವಾಸ್‌ಗಳೆಲ್ಲ ಬೆಂಗಳೂರಿನ ಮನೆಯಲ್ಲಿ ಗೋಡೆಗೆ ಒರಗಿಕೊಂಡಿವೆ. ನನ್ನ ಜೊತೆ ಬಂದದ್ದು ಒಂದು ಸ್ಕೆಚ್‌ಬುಕ್, ಕೆಲವು 4ಬಿ ಪೆನ್ಸಿಲ್, ಒಂದು ಬಾಟಲಿ ಕಪ್ಪು ಶಾಯಿ.

ಹಾಲು ಕುಡಿಸಲು ಕೂತರೆ ಎಡಗೈ ಪೂರ್ತಿ ಅವಳದು. ಬಲಗೈ ಖಾಲಿ. ಪಕ್ಕದ ದಿಂಬಿನ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತೇನೆ. ಕೂತ ಜಾಗ ಬಿಟ್ಟು ಅಲ್ಲಾಡುವ ಹಾಗಿಲ್ಲ. ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡುವ ಹಾಗಿಲ್ಲ. ಕಾಣುವುದು ಮೇಲಿನಿಂದ ಕೆಳಗೆ, ಒಂದು ಗೇಣಿನ ದೂರದಿಂದ. ನಮ್ಮ ಯಾವ ಕ್ಲಾಸಿನಲ್ಲೂ ಈ ಕೋನದಿಂದ ಮನುಷ್ಯರನ್ನು ಬರೆಸಿರಲಿಲ್ಲ, ಅಲ್ವಾ? ಮುಖ ಕಾಣುವುದೇ ಇಲ್ಲ. ಮೊದಲು ನೆತ್ತಿ, ಅದರ ಕೆಳಗೆ ಕೆನ್ನೆಯ ಉಬ್ಬು, ಆಮೇಲೆ ಒಂದು ಕಿವಿ.

ಆ ನೆತ್ತಿಯ ಬಗ್ಗೆ ಹೇಳಲೇಬೇಕು. ಅಲ್ಲಿ ಇನ್ನೂ ಮೂಳೆ ಕೂಡಿಲ್ಲ. ಅವಳು ಹಾಲು ಕುಡಿಯುವಾಗ ಸೂಕ್ಷ್ಮವಾಗಿ ನೋಡಿದರೆ ಅದು ಮಿಡಿಯುವುದು ಕಾಣುತ್ತದೆ. ಏಳುತ್ತದೆ, ಇಳಿಯುತ್ತದೆ. ಇದನ್ನು ಪೆನ್ಸಿಲ್‌ನಲ್ಲಿ ಹೇಗೆ ಹಿಡಿಯುವುದು? ಗೆರೆ ಹಾಕಿದರೆ ಗಟ್ಟಿಯಾಗುತ್ತದೆ, ಶೇಡ್ ಮಾಡಿದರೆ ಗಾಯದ ಹಾಗೆ ಕಾಣುತ್ತದೆ. ಕೊನೆಗೆ ಸುತ್ತಲ ಕೂದಲನ್ನಷ್ಟೇ ಬರೆದು ಆ ಜಾಗವನ್ನು ಬಿಳಿ ಬಿಟ್ಟೆ. ಈಗ ಅದೇ ಸರಿ ಅನಿಸುತ್ತದೆ. ಕಿವಿಯೂ ಹಾಗೇ. ಇನ್ನೂ ಎಷ್ಟು ಮೆತ್ತಗಿದೆ ಅಂದರೆ, ನನ್ನ ತೋಳಿಗೆ ಒತ್ತಿದ ಕಡೆ ಮಡಚಿಕೊಂಡು ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ಆ ಮಡಿಕೆಯನ್ನು ಪುಟಗಟ್ಟಲೆ ಬರೆದಿದ್ದೇನೆ.

ಮೈಸೂರಿನ ಚಿತ್ರಕಲಾ ಕಾಲೇಜು ಕಾವಾದಲ್ಲಿ ಓದುವಾಗ ರೈಲ್ವೆ ಸ್ಟೇಷನ್ನಿಗೂ ದೇವರಾಜ ಮಾರ್ಕೆಟ್ಟಿಗೂ ಹೋಗಿ ಸ್ಕೆಚ್ ಮಾಡುತ್ತಿದ್ದೆವಲ್ಲ. ಬಾಳೆಹಣ್ಣು ಮಾರುವವರು ಕೈ ಎತ್ತಿ ಇಳಿಸುವಷ್ಟರಲ್ಲಿ ಗೆರೆ ಬೀಳಬೇಕು ಅಂತ ಮೇಷ್ಟ್ರು ಹೇಳುತ್ತಿದ್ದರು. ಆಗ ಅದು ಹೋಮ್‌ವರ್ಕ್. ಈಗ ಬೇರೆ ದಾರಿಯೇ ಇಲ್ಲ. ಮಗಳು ಮುಷ್ಟಿ ಬಿಚ್ಚಿ ಮತ್ತೆ ಮುಚ್ಚುವಷ್ಟರಲ್ಲಿ ಎಷ್ಟು ಸಿಕ್ಕಿತೋ ಅಷ್ಟೇ. ಅಳಿಸಲು ರಬ್ಬರ್ ಹುಡುಕುವುದಕ್ಕೂ ಪುರುಸೊತ್ತಿಲ್ಲ. ಅರ್ಧಕ್ಕೆ ನಿಂತದ್ದನ್ನು ಆಮೇಲೆ ಪೂರ್ತಿ ಮಾಡಲು ಹೋಗುವುದಿಲ್ಲ, ಯಾಕಂದರೆ ಮಾರನೇ ವಾರಕ್ಕೆ ಆ ಕೈಯೇ ಬೇರೆ ಆಗಿರುತ್ತದೆ. ಪಕ್ಕದಲ್ಲೇ ಹೊಸದು ಶುರು ಮಾಡುತ್ತೇನೆ. ಹಿಂದೆ ನಾನು ಒಂದೊಂದು ಗೆರೆಗೂ ಎಷ್ಟು ಯೋಚಿಸುತ್ತಿದ್ದೆ, ನಿನಗೆ ನೆನಪಿರಬೇಕು. ಈಗಿನ ಗೆರೆ ನೋಡಿದರೆ ನೀನು ನನ್ನದು ಅಂತ ಗುರುತೇ ಹಿಡಿಯಲಾರೆ.

ರಾತ್ರಿ ಹಾಲು ಕುಡಿಸುವಾಗ ನಿದ್ದೆ ಹತ್ತದಿರಲಿ ಅಂತ ಫೋನಿನಲ್ಲಿ ಮ್ಯೂಸಿಯಂಗಳ ಚಿತ್ರ ನೋಡುತ್ತಿರುತ್ತೇನೆ. ಫ್ರಾನ್ಸಿನ ಚಿತ್ರಕಾರ್ತಿ ಬರ್ತ್ ಮೊರಿಸೊ ಬರೆದ 'ತೊಟ್ಟಿಲು' ನಿನಗೆ ಗೊತ್ತಲ್ಲ, 1872ರದ್ದು, ಪ್ಯಾರಿಸ್ಸಿನ ಒರ್ಸೇ ಮ್ಯೂಸಿಯಂನಲ್ಲಿ ಇರುವುದು. ಕಾಲೇಜಿನ ಸ್ಲೈಡ್ ಶೋನಲ್ಲಿ ಅದು ಬಂದು ಹೋಗಿತ್ತು, ನಾವು ಚೆಂದ ಅಂತಷ್ಟೇ ಅಂದಿದ್ದೆವು. ಈಗ ನೋಡಿದರೆ ಬೇರೆ ಏನೋ ಕಾಣುತ್ತದೆ. ತಾಯಿ ಒಂದು ಕೈಯನ್ನು ಕೆನ್ನೆಗೆ ಆನಿಸಿ ಕೂತಿದ್ದಾಳೆ, ಮಗುವಿನ ಕೈಯೂ ಹಾಗೇ ಮಡಚಿದೆ. ನಮಗೂ ಮಗುವಿಗೂ ಮಧ್ಯೆ ತೆಳು ಪರದೆ. ತಾಯಿಯ ಮುಖದಲ್ಲಿ ಅಂಥ ಖುಷಿ ಏನೂ ಇಲ್ಲ. ದಣಿವಿದೆ, ಏನೋ ಯೋಚನೆ ಇದೆ. ಅವಳು ಮೊರಿಸೊಳ ಅಕ್ಕ ಎಡ್ಮಾ. ಅವಳೂ ಚಿತ್ರಕಾರ್ತಿಯೇ. ಇಬ್ಬರೂ ಒಟ್ಟಿಗೆ ಕಲಿತವರು, ಲೂವ್ರ್ ಮ್ಯೂಸಿಯಂನಲ್ಲಿ ಒಟ್ಟಿಗೆ ಕೂತು ಹಳೆಯ ಚಿತ್ರಗಳನ್ನು ನಕಲು ಮಾಡಿದವರು. 1869ರಲ್ಲಿ ಮದುವೆಯಾದ ಮೇಲೆ ಎಡ್ಮಾ ಬ್ರಶ್ ಕೆಳಗಿಟ್ಟಳು. ಮನಸ್ಸು ಮಾತ್ರ ಸ್ಟುಡಿಯೋದಲ್ಲೇ ಇತ್ತು ಅನ್ನುವುದು ಅವಳು ತಂಗಿಗೆ ಬರೆದ ಪತ್ರಗಳಲ್ಲಿ ಕಾಣುತ್ತದೆ. ಇಷ್ಟು ಗೊತ್ತಾದ ಮೇಲೆ ಆ ಮುಖವನ್ನು ಮತ್ತೆ ನೋಡು. ನೀನು ಎರಡು ವರ್ಷ ಅಂದಾಗ ನನಗೆ ಮೊದಲು ನೆನಪಾದವಳು ಅವಳೇ.

ತಂಗಿ ನಿಲ್ಲಿಸಲಿಲ್ಲ. 1878ರಲ್ಲಿ, 37ನೇ ವಯಸ್ಸಿನಲ್ಲಿ, ಮೊರಿಸೊಗೆ ಮಗಳು ಹುಟ್ಟಿದಳು, ಜೂಲಿ. ಅವಳಿದ್ದ ಚಿತ್ರಕಾರರ ಗುಂಪು ಇಂಪ್ರೆಷನಿಸ್ಟರದು, ಮರುವರ್ಷದ ಅವರ ಪ್ರದರ್ಶನಕ್ಕೆ ಅವಳು ಚಿತ್ರ ಕೊಡಲಿಲ್ಲ, ಅಷ್ಟೇ. ಆಮೇಲೆ ಜೂಲಿ ಹಾಲು ಕುಡಿಯುವುದು, ಆಡುವುದು, ಓದುವುದು, ಪಿಟೀಲು ನುಡಿಸುವುದು, ಎಲ್ಲವೂ ಚಿತ್ರವಾಯಿತು. 1895ರಲ್ಲಿ ಕಾಯಿಲೆ ಬಿದ್ದ ಜೂಲಿಯ ಆರೈಕೆ ಮಾಡುತ್ತಾ ತಾನೇ ಕಾಯಿಲೆ ಬಿದ್ದು ಮೊರಿಸೊ ತೀರಿಕೊಂಡಳು. ಆಗ ಜೂಲಿಗೆ 16. ಅಲ್ಲಿಯವರೆಗೂ ಮೊರಿಸೊ ಬರೆಯುತ್ತಲೇ ಇದ್ದಳು. ಅವಳ ಹತ್ತಿರ ದಾದಿ ಇದ್ದಳು, ದುಡ್ಡಿತ್ತು, ಒಪ್ಪುತ್ತೇನೆ. ನನ್ನ ಹತ್ತಿರ ಅಮ್ಮ ಇದ್ದಾಳೆ. ಒಬ್ಬರು ಮಗುವನ್ನು ಎತ್ತಿಕೊಳ್ಳದಿದ್ದರೆ ಇನ್ನೊಬ್ಬರ ಕೈಗೆ ಬ್ರಶ್ ಬರುವುದಿಲ್ಲ, ಈ ಮಾತನ್ನು ಗಂಡಸರಿಗೂ ಹೇಳಬೇಕು.

ಇನ್ನೊಬ್ಬ ಚಿತ್ರಕಾರ್ತಿ ಪೌಲಾ ಮೋಡರ್ಸನ್ ಬೆಕರ್, ಜರ್ಮನಿಯವಳು. 1906ರಲ್ಲಿ ಅವಳು ಬರೆದ ಒಂದು ಚಿತ್ರದಲ್ಲಿ ತಾಯಿ ಮಗು ಇಬ್ಬರೂ ಬರಿಮೈಯಲ್ಲಿ, ಒಬ್ಬರ ಕಡೆ ಒಬ್ಬರು ತಿರುಗಿ ಮಲಗಿದ್ದಾರೆ. ದೇವರ ಮನೆಯ ಕಳೆ ಇಲ್ಲ, ನಾಚಿಕೆ ಇಲ್ಲ. ನಾವು ಹಗಲು ಹೊತ್ತು ಇಲ್ಲಿ ಮಲಗುವುದೂ ಹಾಗೇ. ಅವಳಿಗೆ 1907ರ ನವೆಂಬರ್ 2ರಂದು ಮಗಳು ಹುಟ್ಟಿದಳು. ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಅಂದಿದ್ದರು. 20ರಂದು ಎದ್ದಳು, ರಕ್ತ ಹೆಪ್ಪುಗಟ್ಟಿ ಅದೇ ದಿನ ಹೋದಳು. ವಯಸ್ಸು 31. ಇದನ್ನು ಅಮ್ಮನಿಗೆ ಹೇಳಿದರೆ, "ನೋಡು, ಅದಕ್ಕೇ ಓಡಾಡಬೇಡ ಅನ್ನೋದು" ಅಂದಳು. ಇಲ್ಲಮ್ಮ, ಹೀಗೆ ಮಲಗೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ, ಅದಕ್ಕೇ ಈಗಿನ ಡಾಕ್ಟರು ಬೇಗ ಎದ್ದು ಓಡಾಡಿ ಅನ್ನುತ್ತಾರೆ ಅಂತ ತಿಳಿಸಿ ಹೇಳಿದೆ. ಅವತ್ತಿನಿಂದ ಅಂಗಳದಲ್ಲಿ ಓಡಾಡಲು ಪರ್ಮಿಷನ್ ಸಿಕ್ಕಿದೆ. ಅಷ್ಟೆಲ್ಲ ತಾಯಂದಿರನ್ನು ಬರೆದ ಪೌಲಾಗೆ ತನ್ನ ಮಗುವನ್ನು ಬರೆಯುತ್ತಾ ಬೆಳೆಸುವುದು ಸಿಗಲಿಲ್ಲ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಆದರೆ ನನ್ನನ್ನು ಅಲ್ಲಾಡಿಸಿದ್ದು ಜರ್ಮನಿಯ ಇನ್ನೊಬ್ಬ ಕಲಾವಿದೆ, ಕೇಥೆ ಕೋಲ್ವಿಟ್ಸ್. ಅವಳ 'ಸತ್ತ ಮಗುವಿನೊಂದಿಗೆ ಹೆಂಗಸು', 1903ರ ಎಚಿಂಗ್, ಅಂದರೆ ಲೋಹದ ತಗಡಿನಿಂದ ಅಚ್ಚು ತೆಗೆದ ಚಿತ್ರ. ಕಾಲೇಜಿನಲ್ಲಿ ಅದನ್ನು ನೋಡಿ ನಾವಿಬ್ಬರೂ ಸುಮ್ಮನಾಗಿದ್ದೆವು. ಬರಿಮೈಯ ತಾಯಿ ಚಕ್ಕಳಮಕ್ಕಳ ಹಾಕಿ ಕೂತು, ಸತ್ತ ಮಗುವನ್ನು ಅವುಚಿಕೊಂಡು, ಅದರ ಎದೆಯಲ್ಲಿ ಮುಖ ಹೂತಿದ್ದಾಳೆ. ಆಗ ನನಗೆ ಕಂಡದ್ದು ಬರೀ ದುಃಖ. ಈಗ ಏನು ಗೊತ್ತಾಯಿತು ಹೇಳಲಾ? ನಾನು ದಿನಾ ಮಾಡುವುದೂ ಅದನ್ನೇ. ಸ್ನಾನ ಆದ ಮೇಲೆ ಮಗಳ ಕುತ್ತಿಗೆಯ ಮಡಿಕೆಯಲ್ಲಿ ಮೂಗು ಒತ್ತಿ ಉಸಿರೆಳೆಯುತ್ತೇನೆ. ಹಾಲು, ಎಣ್ಣೆ, ಸಾಂಬ್ರಾಣಿ ಬೆರೆತ ವಾಸನೆ. ಅದೇ ಬಾಗಿದ ಬೆನ್ನು, ಅದೇ ಒತ್ತಿದ ಮೂಗು. ಕೋಲ್ವಿಟ್ಸ್ ದುಃಖಕ್ಕೆಂದು ಬೇರೆ ಭಂಗಿ ಹುಡುಕಲಿಲ್ಲ. ಮುದ್ದಾಡುವ ಭಂಗಿಯನ್ನೇ ತೆಗೆದುಕೊಂಡು ಮಗುವಿನ ಉಸಿರನ್ನು ಮಾತ್ರ ನಿಲ್ಲಿಸಿದಳು. ಹೆತ್ತವಳು ಮಾತ್ರ ಮಾಡಬಹುದಾದ ಕೆಲಸ ಅಂತ ಹೇಳುವುದಿಲ್ಲ. ಆದರೆ ಅವಳು ಅದನ್ನು ತನ್ನ ಮೈಯಿಂದಲೇ ತೆಗೆದದ್ದು. ಏಳು ವರ್ಷದ ಮಗ ಪೀಟರ್‌ನನ್ನು ತೋಳಿನಲ್ಲಿ ಹಿಡಿದು ಕನ್ನಡಿ ಮುಂದೆ ಕೂತು ಬರೆದಳಂತೆ. ಭಾರಕ್ಕೆ ಅವಳು ನರಳಿದಾಗ ಆ ಹುಡುಗ, ಸುಮ್ಮನಿರಮ್ಮ, ತುಂಬಾ ಚೆನ್ನಾಗಿ ಬರುತ್ತೆ ಅಂತ ಸಮಾಧಾನ ಹೇಳಿದ್ದ. ಅದೇ ಪೀಟರ್ 1914ರ ಅಕ್ಟೋಬರ್‌ನಲ್ಲಿ, 18ನೇ ವಯಸ್ಸಿನಲ್ಲಿ, ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಸತ್ತ. ಅವನ ನೆನಪಿಗೆ ಕೋಲ್ವಿಟ್ಸ್ ಮಾಡಿದ ತಂದೆ ತಾಯಿಯ ಕಲ್ಲಿನ ಶಿಲ್ಪ ಅಲ್ಲಿನ ಸ್ಮಶಾನದಲ್ಲಿ ನಿಂತದ್ದು 1932ರಲ್ಲಿ.

ಅವಳ ದಿನಚರಿಯಲ್ಲಿ 1910ರ ಒಂದು ಮಾತಿದೆ. ಮಕ್ಕಳು ಚಿಕ್ಕವರಿದ್ದಾಗ ಟೈಮೇ ಸಿಗುತ್ತಿರಲಿಲ್ಲ, ಆದರೂ ಆಗಲೇ ಜಾಸ್ತಿ ಕೆಲಸ ಆಗುತ್ತಿತ್ತು, ಯಾಕಂದರೆ ಆಗ ಪೂರ್ತಿ ಬದುಕುತ್ತಿದ್ದೆ ಅನ್ನುವ ಅರ್ಥದ್ದು. ನಿನಗೆ ನಾನು ಕೊಡಬಹುದಾದ ಉತ್ತರ ಇಷ್ಟೇ ಅನಿಸುತ್ತದೆ.

ಹೆತ್ತವರಿಗೆ ಮಾತ್ರ ಇದೆಲ್ಲ ಸಾಧ್ಯ ಅಂದುಕೊಳ್ಳಬೇಡ ಮತ್ತೆ. ಅಮೆರಿಕದ ಚಿತ್ರಕಾರ್ತಿ ಮೇರಿ ಕ್ಯಾಸಟ್‌ಗೆ ಮಕ್ಕಳಿರಲಿಲ್ಲ. 1893ರ ಅವಳ 'ಮಗುವಿನ ಸ್ನಾನ' ನೋಡು. ಜಪಾನಿ ಮುದ್ರಣ ಚಿತ್ರಗಳಿಂದ ಕಲಿತ ಕೋನ ಅದು, ಪೂರ್ತಿ ಮೇಲಿನಿಂದ. ಬೋಗುಣಿಯ ನೀರಿನಲ್ಲಿ ಮಗುವಿನ ಪಾದ, ಅದನ್ನು ಹಿಡಿದ ಕೈ. ಆ ಹಿಡಿತ ಒಂಚೂರೂ ತಪ್ಪಿಲ್ಲ. ಅಷ್ಟು ಹತ್ತಿರ ಕೂತು ನೋಡಿದವರಿಗೆ ಮಾತ್ರ ಬರುವ ಗೆರೆ. ನೀನೂ ಬಂದು ಕೂರು, ನಿನಗೂ ಬರುತ್ತದೆ.

ಇನ್ನೊಂದು ವಿಷಯ. ಹುಟ್ಟಿದ ಮಕ್ಕಳಿಗೆ ಮೊದಮೊದಲು ಸರಿಯಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ ಮಾತ್ರ. ಮೊಲೆಯಿಂದ ತಾಯಿಯ ಮುಖಕ್ಕೆ ಇರುವುದೂ ಹೆಚ್ಚುಕಮ್ಮಿ ಅಷ್ಟೇ ದೂರ. ತೆಳು ಬಣ್ಣಗಳು ಅವಕ್ಕೆ ಗೊತ್ತಾಗುವುದಿಲ್ಲ, ಕಪ್ಪು ಬಿಳುಪಿನ ಅಂಚು ಚೆನ್ನಾಗಿ ಗೊತ್ತಾಗುತ್ತದೆ. ಇದು ತಿಳಿದ ಮೇಲೆ ಮಗಳಿಗಾಗಿಯೇ ಬರೆಯಲು ಶುರು ಮಾಡಿದೆ. ಡ್ರಾಯಿಂಗ್ ಶೀಟಿನ ಮೇಲೆ ಕಪ್ಪು ಶಾಯಿ, ದಪ್ಪ ಬ್ರಶ್. ಮೊದಲು ವೃತ್ತಗಳು, ಪಟ್ಟೆಗಳು. ಆಮೇಲೆ ನಮ್ಮ ಸಾಗರದ ಕಡೆಯ ಹಸೆ ಚಿತ್ತಾರ ನೆನಪಾಯಿತು. ದೀವರು ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಲ್ಲಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಹುರಿದು ಕಪ್ಪಾದ ಅಕ್ಕಿಯ ಕರಿಯಲ್ಲಿ ಎಳೆಯುವ ಗೆರೆಗಳು. ತಾಯಿಯ ಪಕ್ಕ ಕೂತು ಹುಡುಗಿಯರು ಕಲಿಯುವ ಚಿತ್ರ ಅದು. ಅದರ ಒಂದಂಚಿನ ಗೆರೆಗಳನ್ನಷ್ಟೇ ದೊಡ್ಡದಾಗಿ ಬರೆದು ತೊಟ್ಟಿಲಿಗೆ ಕಟ್ಟಿದೆ. ಸದಾ ಕಾಲು ಬಡಿಯುವವಳು ತಟ್ಟನೆ ನಿಲ್ಲಿಸಿದಳು. ಕಣ್ಣು ಆ ಅಂಚಿನಲ್ಲಿ ಸಿಕ್ಕಿಕೊಂಡಿತು. ಬಾಯಿ ಸ್ವಲ್ಪ ತೆರೆಯಿತು. ಗೆಳೆಯ, ನನ್ನ ಯಾವ ಪ್ರದರ್ಶನದಲ್ಲೂ ಯಾರೂ ಒಂದು ಚಿತ್ರವನ್ನು ಅಷ್ಟು ಹೊತ್ತು ನೋಡಿಲ್ಲ.

ಅದಕ್ಕೇ ನಿನ್ನ ಗ್ರೂಪ್ ಶೋ ಪಟ್ಟಿಯಿಂದ ನನ್ನ ಹೆಸರು ತೆಗೆಯಬೇಡ. ನೆತ್ತಿ, ಕಿವಿ, ಮುಷ್ಟಿಗಳ ಹಾಳೆಗಳನ್ನು ಕಳಿಸುತ್ತೇನೆ, ಶಾಯಿಯ ಗೆರೆಗಳನ್ನೂ. ಗಾಜಿನ ಫ್ರೇಮ್ ಬೇಡ, ಕ್ಲಿಪ್ ಹಾಕಿದರೆ ಸಾಕು. ಕೆಲವು ಹಾಳೆಗಳಲ್ಲಿ ಹಾಲಿನ ಕಲೆ ಇದೆ, ಅವನ್ನು ತೆಗೆದಿಡಬೇಡ. ಶಾಯಿಯವನ್ನು ಆದಷ್ಟು ಕೆಳಗೆ ಹಾಕು, ಎತ್ತಿಕೊಂಡು ಬಂದ ಮಕ್ಕಳಿಗೂ ಅಂಬೆಗಾಲಿಡುವವರಿಗೂ ಕಾಣಲಿ. ಕೂರಲು ನಾಲ್ಕು ಕುರ್ಚಿ ಇಡಿಸು, ಹಾಲು ಕುಡಿಸುವವರು ಬಂದರೆ ಬೇಕಾಗುತ್ತದೆ.

ಕೊರಿಯರ್‌ನಲ್ಲಿ ಕಳಿಸಲಾ, ಅಥವಾ ನೀನೇ ಬಂದು ತೊಗೊಂಡು ಹೋಗ್ತೀಯಾ? ಬರುವುದಾದರೆ ಎರಡು ಬಾಟಲಿ ಕಪ್ಪು ಶಾಯಿ ತಾ, ಇಲ್ಲಿ ಮುಗಿಯುತ್ತಾ ಬಂದಿದೆ.

ಇಂತಿ,
ನಿನ್ನ ಗೆಳತಿ