ಓದಿ ಹೇಳಿದವರಿಗೆ

ಕಳೆದ ಭಾನುವಾರ ಸಂಜೆ ಮೈಸೂರಿನಲ್ಲಿ ನಾನು ಮತ್ತೆ ಬಣ್ಣ ಹಚ್ಚಿದೆ. ಬಣ್ಣ ಬಿಟ್ಟು 14 ತಿಂಗಳಾಗಿತ್ತು. ನಮ್ಮ ಹವ್ಯಾಸಿ ತಂಡದ ನಾಟಕ, ಅಜ್ಜಿಯ ಪಾತ್ರ, ರಂಗದ ಮೇಲೆ ಸುಮಾರು 40 ನಿಮಿಷ. ಅದರಲ್ಲಿ ಒಂದೇ ಒಂದು ಮಾತನ್ನೂ ನಾನು ಕಣ್ಣಿನಿಂದ ಓದಿ ಕಲಿತಿರಲಿಲ್ಲ. ನಾಟಕ ಮುಗಿದ ಮೇಲೆ ಒಳಗೆ ಬಂದು ಕೈ ಹಿಡಿದುಕೊಂಡವರ ಮುಖ ನನಗೆ ಕಾಣಲಿಲ್ಲ. ದನಿ ಕೇಳಿ ಕೆಲವರನ್ನು ಗುರುತಿಸಿದೆ, ಇನ್ನು ಕೆಲವರಿಗೆ ಸುಮ್ಮನೆ ಕೈ ಮುಗಿದು ಕಳುಹಿಸಿದೆ. ಅವರಿಗೆಲ್ಲ ಅಂದು ಹೇಳಬೇಕಾಗಿದ್ದ ಮಾತು ಇದು. ನಾನು ಹೇಳುತ್ತಿದ್ದೇನೆ, ನಮ್ಮ ಯಜಮಾನರು ಬರೆದುಕೊಳ್ಳುತ್ತಿದ್ದಾರೆ.

ಕಾಯಿಲೆಯ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದ ನಟ್ಟನಡುವೆ ಮ್ಯಾಕ್ಯುಲಾ ಎಂಬ ಪುಟ್ಟ ಜಾಗವಿದೆ. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿರುವವರ ಮುಖ ಗುರುತಿಸುವುದು ಎಲ್ಲ ಅದರ ಕೆಲಸ. ಅದು ಸವೆಯುತ್ತಾ ಬಂದರೆ ಅಂಚಿನ ನೋಟ ಉಳಿಯುತ್ತದೆ, ನಡುವಿನದು ಹೋಗುತ್ತದೆ. ನನಗೆ ಮೊದಲು ಗೊತ್ತಾದದ್ದು ಬಾಗಿಲಿಗೆ ರಂಗೋಲಿ ಹಾಕುವಾಗ. ನೇರವಾಗಿ ಎಳೆದ ಗೆರೆ ನಡುವೆ ಡೊಂಕಾಗಿ ಕಂಡಿತು. ಅಳಿಸಿ ಮತ್ತೆ ಎಳೆದೆ, ಮತ್ತೆ ಡೊಂಕು. ಮೂರನೆಯ ಸಲ ಅಳಿಸಲು ಬಗ್ಗಿದಾಗ ಎದುರು ಮನೆಯವರು, "ಚೆನ್ನಾಗಿಯೇ ಇದೆಯಲ್ಲ, ಯಾಕೆ ಅಳಿಸುತ್ತೀರಿ?" ಎಂದು ಕೇಳಿದರು. ಮೊದಲು ತೋರಿಸಿದ ಕಡೆ ಕನ್ನಡಕ ಬದಲಾಯಿಸಿ ಕಳುಹಿಸಿಬಿಟ್ಟರು. ಆ ಕನ್ನಡಕದಲ್ಲೇ ನಾಲ್ಕು ತಿಂಗಳು ಕಳೆಯಿತು. ಕೊನೆಗೆ ಸರಿಯಾಗಿ ನೋಡಿದ ವೈದ್ಯರು ಒಂದು ಕಣ್ಣಿನದು ನಿಧಾನವಾಗಿ ಸವೆಯುವ ಒಣ ಬಗೆ, ಇನ್ನೊಂದರದು ಒಳಗೆ ರಕ್ತನಾಳ ಸೋರುವ ಒದ್ದೆ ಬಗೆ ಎಂದರು. ಒದ್ದೆ ಬಗೆಗೆ ಕಣ್ಣಿನೊಳಗೇ ಇಂಜೆಕ್ಷನ್ ಕೊಡುತ್ತಾರೆ. ಪ್ರತಿ ಸಲವೂ ನನ್ನ ಕೈ ಹಿಡಿದುಕೊಂಡು ನಿಂತು, ಈಗ ಏನು ಮಾಡುತ್ತೇನೆ ಎಂದು ಮೊದಲೇ ಹೇಳಿ ಮಾಡಿದ ಆ ವೈದ್ಯರಿಗೂ ಅವರ ದಾದಿಯರಿಗೂ ಮೊದಲ ನಮಸ್ಕಾರ.

ಕೈಯಲ್ಲಿದ್ದ ನಾಟಕದ ಪ್ರತಿಯನ್ನು ನಿರ್ದೇಶಕರಿಗೆ ಹಿಂದಿರುಗಿಸಿದ್ದೆ. ಇನ್ನು ನನ್ನಿಂದಾಗದು ಎಂದು ಹೇಳಿ ಬಂದವಳು ಒಂದು ವಾರ ಯಾರೊಡನೆಯೂ ಮಾತನಾಡಲಿಲ್ಲ. ಆಗ ಮಗಳು ಫೋನಿನಲ್ಲಿ ಒಂದು ಹಳೆಯ ಸುದ್ದಿಯನ್ನು ಓದಿ ಹೇಳಿದಳು. 2012ರದು. ಬ್ರಿಟನ್ನಿನ ನಟಿ ಜೂಡಿ ಡೆಂಚ್ ಅವರಿಗೆ ಇದೇ ಕಾಯಿಲೆ. ಒಂದು ಕಣ್ಣು ಒಣ ಬಗೆ, ಇನ್ನೊಂದು ಒದ್ದೆ ಬಗೆ. ಅವರ ತಾಯಿಗೂ ಇತ್ತು. ಚಿತ್ರಕಥೆಯನ್ನು ತಾವೇ ಓದಲು ಆಗುವುದಿಲ್ಲ, ಯಾರಾದರೂ ಬಂದು ಕಥೆ ಹೇಳುವ ಹಾಗೆ ಓದಿ ಹೇಳುತ್ತಾರೆ ಎಂದು ಅವರೇ ತಿಳಿಸಿದ್ದರು. "ಅಮ್ಮಾ, ಇದಾದ ಮೇಲೆ ಅವರು ಎಷ್ಟು ಸಿನಿಮಾ ಮಾಡಿದ್ದಾರೆ ಗೊತ್ತಾ?" ಎಂದಳು. ಗೊತ್ತಿರಲಿಲ್ಲ. ನನ್ನ ಪಾಲಿಗೆ ಅವರು ಜೇಮ್ಸ್ ಬಾಂಡನಿಗೆ ಗದರುವ ಮೇಲಧಿಕಾರಿ, ಅಷ್ಟೆ.

ಅಂದಿನಿಂದ ಅವರ ಚಿತ್ರಗಳನ್ನು ಒಂದೊಂದಾಗಿ ಕೇಳಿದೆ. ನೋಡಿದೆ ಎನ್ನಲಾರೆ. ಪರದೆಯಿಂದ ತುಸು ಪಕ್ಕಕ್ಕೆ ನೋಟ ಇಟ್ಟರೆ ಅಂಚಿನಲ್ಲಿ ಆಕಾರಗಳು ಸರಿದಾಡುತ್ತವೆ, ಮಿಕ್ಕದ್ದೆಲ್ಲ ಕಿವಿಯದೇ. ಕಾಣದದ್ದನ್ನು ಪಕ್ಕದಲ್ಲಿ ಕುಳಿತು ಯಜಮಾನರು ಹೇಳುತ್ತಿದ್ದರು. ಹಾಗೆ ಕೇಳಿದ್ದರಿಂದಲೇ ಡೆಂಚ್ ಅವರ ದನಿಯಲ್ಲಿರುವ ಸಣ್ಣ ಬಿರುಕು ನನಗೆ ಸಿಕ್ಕಿತು. ವಾಕ್ಯದ ಕೊನೆಗೆ ಬರುವಾಗ ಅದು ತುಸು ಒಡೆಯುತ್ತದೆ. ಆ ಒಡಕಿನಲ್ಲಿ ಎಷ್ಟು ವಿಷಯ ತುಂಬಬಹುದು ಎಂದು ನಾನು ಈ ವಯಸ್ಸಿನಲ್ಲಿ ಕಲಿತೆ.

ಅವರು ಹುಟ್ಟಿದ್ದು 1934ರ ಡಿಸೆಂಬರ್ 9ರಂದು, ಯಾರ್ಕ್‌ನಲ್ಲಿ. ತಂದೆ ವೈದ್ಯರು. ಮೊದಲು ರಂಗಸಜ್ಜಿಕೆಯ ವಿನ್ಯಾಸ ಕಲಿಯುವ ಆಸೆಯಿತ್ತಂತೆ. ನಟನೆಗೆ ತಿರುಗಿ 1957ರಲ್ಲಿ ಲಂಡನ್ನಿನ ಓಲ್ಡ್ ವಿಕ್ ನಾಟಕ ತಂಡದಲ್ಲಿ ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ನ ಒಫೀಲಿಯಾ ಆದರು. ಆ ಕಾಲದಲ್ಲಿ ಸಿನಿಮಾಕ್ಕೆಂದು ಕೇಳಲು ಹೋದಾಗ, ನಿಮ್ಮ ಮುಖದಲ್ಲಿ ಯಾವುದೂ ಸರಿಯಿಲ್ಲ ಎಂದು ಹೇಳಿ ಕಳುಹಿಸಿದರಂತೆ. 1964ರಲ್ಲಿ ಮೊದಲ ಚಿತ್ರ ಬಂದರೂ ಮುಂದಿನ 30 ವರ್ಷ ಅವರು ಹೆಚ್ಚಾಗಿ ರಂಗಭೂಮಿಯ, ಕಿರುತೆರೆಯ ನಟಿ. ರಂಗದವಳಾದ ನನಗೆ ಇದು ಸೋಲು ಎಂದು ಒಂದು ಕ್ಷಣವೂ ಅನಿಸಲಿಲ್ಲ. ಆ 30 ವರ್ಷ ಬಾಯಿಪಾಠ ಮಾಡಿದ ಶೇಕ್ಸ್‌ಪಿಯರ್ ಕಣ್ಣು ಕೈಕೊಟ್ಟ ಮೇಲೂ ಅವರೊಳಗೇ ಉಳಿದಿದ್ದಾನೆ. 2023ರಲ್ಲಿ ಒಂದು ಟಿವಿ ಸಂದರ್ಶನದ ನಡುವೆ, ಕೈಯಲ್ಲಿ ಕಾಗದವಿಲ್ಲದೆ, ಅವರು ಶೇಕ್ಸ್‌ಪಿಯರನ 29ನೆಯ ಸುನೀತವನ್ನು ಹೇಳಿದ್ದನ್ನು ನಾನು ಹತ್ತಾರು ಸಲ ಕೇಳಿದ್ದೇನೆ.

ಸಿನಿಮಾ ಅವರನ್ನು ನಿಜವಾಗಿ ಕರೆದದ್ದು 60 ದಾಟಿದ ಮೇಲೆ. 1995ರಲ್ಲಿ ‘ಗೋಲ್ಡನ್‌ಐ’ ಎಂಬ ಬಾಂಡ್ ಚಿತ್ರದಲ್ಲಿ ಎಂ, ಅಂದರೆ ಬಾಂಡನ ಆ ಮೇಲಧಿಕಾರಿಯ ಪಾತ್ರ, ಮೊದಲ ಸಲ ಹೆಣ್ಣಿನ ಕೈಗೆ ಬಂತು. 1997ರ ‘ಮಿಸೆಸ್ ಬ್ರೌನ್’ ಬಿಬಿಸಿಯವರು ಟಿವಿಗೆಂದು ತೆಗೆದದ್ದು. ಚಿತ್ರಮಂದಿರಕ್ಕೆ ಹೋಯಿತು, ಡೆಂಚ್ ಅವರಿಗೆ ಮೊದಲ ಆಸ್ಕರ್ ನಾಮನಿರ್ದೇಶನ ತಂದಿತು. ಗಂಡನನ್ನು ಕಳೆದುಕೊಂಡು ವರ್ಷಗಟ್ಟಲೆ ಕಪ್ಪು ಬಟ್ಟೆಯಲ್ಲೇ ಉಳಿದ ವಿಕ್ಟೋರಿಯಾ ರಾಣಿ, ಅವಳನ್ನು ಕುದುರೆಯ ಮೇಲೆ ಕೂರಿಸಿ ಹೊರಗೆ ಕರೆದೊಯ್ಯುವ ಸ್ಕಾಟ್ಲೆಂಡಿನ ಒರಟು ಸೇವಕ ಜಾನ್ ಬ್ರೌನ್. ರಾಣಿಯ ದನಿ ಮೊದಲರ್ಧದಲ್ಲಿ ಮುಚ್ಚಿದ ಬಾಗಿಲಿನಂತಿದೆ. ಮರುವರ್ಷ ‘ಶೇಕ್ಸ್‌ಪಿಯರ್ ಇನ್ ಲವ್’. ಎಲಿಜಬೆತ್ ರಾಣಿಯಾಗಿ ಪರದೆಯ ಮೇಲೆ ಸುಮಾರು 8 ನಿಮಿಷ, ಅಷ್ಟಕ್ಕೇ ಪೋಷಕ ನಟಿಯ ಆಸ್ಕರ್. ನಮ್ಮ ತಂಡದಲ್ಲಿ ಸಣ್ಣ ಪಾತ್ರವೆಂದು ಮುಖ ಚಿಕ್ಕದು ಮಾಡಿಕೊಳ್ಳುವ ಮಕ್ಕಳಿಗೆ ನಾನು ಈಗ ಆ 8 ನಿಮಿಷ ತೋರಿಸುತ್ತೇನೆ.

‘ಐರಿಸ್’ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಲೇಖಕಿ ಐರಿಸ್ ಮರ್ಡಾಕ್ ಅವರ ಕಥೆ. ಜೀವನವಿಡೀ ಪದಗಳೊಂದಿಗೆ ಬದುಕಿದವರಿಂದ ಅಲ್ಜೈಮರ್ ಕಾಯಿಲೆ ಪದಗಳನ್ನೇ ಒಂದೊಂದಾಗಿ ಕಿತ್ತುಕೊಳ್ಳುತ್ತದೆ. 2001ರ ಜನವರಿಯಲ್ಲಿ ಡೆಂಚ್ ಅವರ ಪತಿ, ನಟ ಮೈಕೆಲ್ ವಿಲಿಯಮ್ಸ್, ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. 30 ವರ್ಷದ ದಾಂಪತ್ಯ. ಅದೇ ವರ್ಷದ ಚಿತ್ರ ಇದು. ಮಾತು ಹುಡುಕಿ ಸಿಗದೆ ನಿಲ್ಲುವ ಆ ಮೌನಗಳನ್ನು ಅವರು ಹೇಗೆ ಆಡಿದರು ಎಂದು ಯೋಚಿಸುತ್ತಾ ಮಲಗಿದ್ದೆ. ಪಕ್ಕದಲ್ಲಿ ಯಜಮಾನರ ಉಸಿರು ಕೇಳುತ್ತಿತ್ತು. ನನ್ನಿಂದ ಹೋದದ್ದು ಅಕ್ಷರದ ಆಕಾರ ಮಾತ್ರ, ಮಾತು ಎಲ್ಲಿಗೂ ಹೋಗಿಲ್ಲ ಎಂದು ಅಂದು ಮೊದಲ ಸಲ ಅನಿಸಿತು. ಬೆಳಿಗ್ಗೆ ಎದ್ದು ನಿರ್ದೇಶಕರಿಗೆ ಫೋನ್ ಮಾಡಿದೆ. ಅವರು ಪಾತ್ರವನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಸರ್, ಆ ಒಂದು ವಿಷಯಕ್ಕೆ ನಾನು ನಿಮಗೆ ಎಂದೂ ಋಣಿ.

ಮಗಳು ಹೇಳಿದ್ದ ಲೆಕ್ಕ ಸುಳ್ಳಲ್ಲ. ಕಣ್ಣಿನ ವಿಷಯ ಹೊರಬಿದ್ದ 2012ರಲ್ಲೇ ‘ಸ್ಕೈಫಾಲ್’ ಬಂತು. ವಿಚಾರಣಾ ಸಮಿತಿಯ ಮುಂದೆ ಎಂ, ತೀರಿಹೋದ ತನ್ನ ಗಂಡನಿಗೆ ಕಾವ್ಯವೆಂದರೆ ಪ್ರಾಣ ಎಂದು ಹೇಳಿ, ಟೆನಿಸನ್ನನ ಕವಿತೆಯ ಸಾಲುಗಳನ್ನು ನುಡಿಯುತ್ತಾಳೆ. ಮರುವರ್ಷ ‘ಫಿಲೊಮಿನಾ’. ಐರ್ಲೆಂಡಿನ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ಹೆತ್ತ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳ ನಿಜಕಥೆ. ಅದರಲ್ಲಿ ವಿಮಾನ ನಿಲ್ದಾಣದ ಸಣ್ಣ ಗಾಡಿಯಲ್ಲಿ ಕುಳಿತು ಹೋಗುವಾಗ ಆಕೆ ತಾನು ಓದಿದ ಪ್ರೇಮ ಕಾದಂಬರಿಯ ಕಥೆಯನ್ನು ಪಕ್ಕದ ಪತ್ರಕರ್ತನಿಗೆ ಉಸಿರು ಬಿಡದೆ ಒಪ್ಪಿಸುತ್ತಾಳೆ. ಪುಟಗಟ್ಟಲೆ ಮಾತು, ಎಲ್ಲಿಯೂ ತಡವರಿಕೆ ಇಲ್ಲ. ನಾನು ಅದನ್ನು ನಿಲ್ಲಿಸಿ ನಿಲ್ಲಿಸಿ ಕೇಳಿದೆ. ಇಷ್ಟನ್ನೂ ಯಾರೋ ಓದಿ ಹೇಳಿರಬೇಕು, ಇವರು ಕೇಳಿ ಇಟ್ಟುಕೊಂಡಿರಬೇಕು! 2017ರಲ್ಲಿ ‘ವಿಕ್ಟೋರಿಯಾ ಅಂಡ್ ಅಬ್ದುಲ್’: 20 ವರ್ಷದ ನಂತರ ಅದೇ ರಾಣಿ, ಈಗ ಭಾರತದಿಂದ ಹೋದ ಅಬ್ದುಲ್ ಕರೀಮ್‌ನಿಂದ ಉರ್ದು ಕಲಿಯುವ ಮುದುಕಿ. 2021ರಲ್ಲಿ ‘ಬೆಲ್‌ಫಾಸ್ಟ್’, 87ನೆಯ ವಯಸ್ಸಿನಲ್ಲಿ ಎಂಟನೆಯ ಆಸ್ಕರ್ ನಾಮನಿರ್ದೇಶನ. ಎಂಟರಲ್ಲಿ ಎರಡು, ಓದಲಾಗದೆ ಹೋದ ಮೇಲಿನವು. ಆ ಚಿತ್ರದ ಅಜ್ಜಿ ಕೊನೆಯಲ್ಲಿ ಒಬ್ಬಳೇ ನಿಂತು, ಊರು ಬಿಟ್ಟು ಹೋಗುತ್ತಿರುವ ಮಗನ ಸಂಸಾರಕ್ಕೆ ಹಿಂದಿರುಗಿ ನೋಡಬೇಡಿ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾಳೆ. ನನ್ನ ಅಜ್ಜಿಯ ಪಾತ್ರದ ನಡಿಗೆ ನನ್ನದೇ, ಆದರೆ ಅವಳು ನಿಲ್ಲುವ ರೀತಿಯನ್ನು ನಾನು ಅಲ್ಲಿಂದ ಪಡೆದೆ.

ಇನ್ನು ನನ್ನವರು. ಮೇಲಿನ ಮನೆಯ ಹುಡುಗಿ ಪ್ರತಿ ಸಂಜೆ ಏಳಕ್ಕೆ ಬಂದು ಓದಿದಳು. ಮೊದಲ ವಾರ ಅವಳು ಬಹಳ ಚೆನ್ನಾಗಿ, ಭಾವ ತುಂಬಿ ಓದಿದಳು, ಅದೇ ತೊಂದರೆಯಾಯಿತು. ಅವಳ ಏರಿಳಿತವೇ ನನ್ನ ನಾಲಿಗೆಗೆ ಅಂಟಿಕೊಳ್ಳುತ್ತಿತ್ತು. ಬಸ್ಸಿನ ಬೋರ್ಡು ಓದುವ ಹಾಗೆ ಓದಮ್ಮ ಎಂದೆ. ಅರ್ಥ ಮಾಡಿಕೊಂಡಳು. ಆದರೂ ಎರಡನೆಯ ದೃಶ್ಯದ "ಹಾಲು ಇನ್ನೂ ಬಿಸಿಯಿದೆ" ಎಂಬ ಮಾತನ್ನು ಭಾನುವಾರ ನಾನು ಅವಳ ರಾಗದಲ್ಲೇ ಹೇಳಿದೆ. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಅವಳು ಅಜ್ಜೀ ಎಂದು ಮೆಲ್ಲಗೆ ಉಸುರಿದ್ದು ನನಗೆ ರಂಗದ ಮೇಲೇ ಕೇಳಿಸಿತು.

ಸೊಸೆಯ ಪಾತ್ರ ಮಾಡಿದ ಹುಡುಗಿಗೂ ಕೃತಜ್ಞತೆ. 2015ರಲ್ಲಿ ಲಂಡನ್ನಿನ ಒಂದು ನಾಟಕದಲ್ಲಿ ಡೆಂಚ್ ತಮ್ಮ ಮಾತನ್ನು ಎದುರಿನ ನಟನ ಬದಲು ರಂಗದ ಕಮಾನಿನ ಕಡೆಗೆ ಹೇಳುತ್ತಿದ್ದರಂತೆ. ಎದುರಿನ ಆ ನಟ ಕೆನೆತ್ ಬ್ರಾನಾ ಬಂದು, ಸುಮಾರು 8 ಅಡಿ ಬಲಕ್ಕೆ ತಿರುಗಿ ಹೇಳಿದರೆ ಅದು ನನಗೆ ಹೇಳಿದಂತಾಗುತ್ತದೆ ಎಂದರಂತೆ. ತಾಲೀಮಿನಲ್ಲಿ ನಾನೂ ಹಾಗೆಯೇ ಗೋಡೆಗೆ ಮಾತನಾಡಿದ್ದೆ. ಮರುದಿನ ಆ ಹುಡುಗಿ ಎರಡೂ ಕೈಗೆ ಗಾಜಿನ ಬಳೆ ತೊಟ್ಟು ಬಂದಳು. ನನ್ನ ಮಾತು ಶುರುವಾಗುವ ಮುನ್ನ ಒಮ್ಮೆ ಕೈ ಆಡಿಸುತ್ತಿದ್ದಳು. ಯಾರಿಗೂ ತಿಳಿಯಲಿಲ್ಲ, ನಾನು ಮಾತ್ರ ಆ ಸದ್ದಿನ ಕಡೆ ತಿರುಗುತ್ತಿದ್ದೆ. ಸೈಡ್ ವಿಂಗಿನಲ್ಲಿ ಪ್ರತಿ ಹಿಡಿದು ನಿಂತಿದ್ದವರು ಒಂದೇ ಒಂದು ಸಲ ಮರೆತ ಮಾತನ್ನು ಎತ್ತಿಕೊಟ್ಟರು, ಅದೂ ಸರಿಯಾದ ಗಳಿಗೆಯಲ್ಲಿ. ಪರದೆಯ ಹಿಂದೆ ಮೆಟ್ಟಿಲಿನ ಅಂಚಿಗೆ ಬಿಳಿ ಪಟ್ಟಿ ಅಂಟಿಸಿದವರು ಯಾರೆಂದು ಇನ್ನೂ ಗೊತ್ತಾಗಿಲ್ಲ. ದಯವಿಟ್ಟು ಹೇಳಿ.

ಓದುವ ಹುಡುಗಿಗೆ ಈ ವರ್ಷ ದ್ವಿತೀಯ ಪಿಯುಸಿ. ಪರೀಕ್ಷೆ ಮುಗಿಯುವವರೆಗೆ ಅವಳನ್ನು ಕರೆಯುವುದಿಲ್ಲ ಎಂದು ಅವಳ ತಾಯಿಗೆ ಮಾತು ಕೊಟ್ಟಿದ್ದೇನೆ. ಹೊಸ ನಾಟಕದ ಪ್ರತಿ ಮೊನ್ನೆಯೇ ಮನೆಗೆ ಬಂದಿದೆ, 62 ಪುಟ. ಸಂಜೆ ಒಂದು ಗಂಟೆ ಬಿಡುವಿರುವವರು ಬನ್ನಿ, ಕಾಫಿ ಕಾದಿರುತ್ತದೆ. ಭಾವ ಬೆರೆಸದೆ, ನಿಧಾನವಾಗಿ ಓದಿದರೆ ಸಾಕು.